ಮನೆ ದೊಡ್ಡದು, ಬರೆಸಿದ ಲೋಡ್ ಸಣ್ಣದು

ಮಾನ್ಯ ಸಂಪಾದಕರೇ,

ಬೆಟಗೇರಿಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. 1994ರಿಂದ ಇದೇ ಕೆಲಸ. ಬೇಸಿಗೆ ಬಂತೆಂದರೆ ಅಂಗಡಿ ಮುಂದೆ ಸುಟ್ಟ ಬೋರ್‌ವೆಲ್ ಮೋಟಾರ್‌ಗಳು ಸಾಲಾಗಿ ಬಿದ್ದಿರುತ್ತವೆ. ಮೊದಲೆಲ್ಲ ಹೊಲದ ಮೋಟಾರ್‌ಗಳೇ ಜಾಸ್ತಿ ಬರುತ್ತಿದ್ದವು. ಈಗ ಊರೊಳಗಿನ ಮನೆಗಳ ಮೋಟಾರ್‌ಗಳೂ ಅಷ್ಟೇ ಬರುತ್ತಿವೆ. ಒಂದು, ಒಂದೂವರೆ ಎಚ್‌ಪಿಯ ಸಿಂಗಲ್ ಫೇಸ್ ಮೋಟಾರ್‌ಗಳು. ಬಿಚ್ಚಿ ನೋಡಿದರೆ ಕಾಯಿಲ್ ಪೂರ್ತಿ ಒಂದೇ ಸಮ ಕಪ್ಪಾಗಿರುತ್ತದೆ. ನೀರು ನುಗ್ಗಿ ಶಾರ್ಟ್ ಆಗಿದ್ದರೆ ಒಂದು ಕಡೆ ಮಾತ್ರ ಸುಟ್ಟಿರುತ್ತದೆ. ಸುತ್ತಲೂ ಕಪ್ಪಾಗಿದ್ದರೆ ಮೋಟಾರ್ ತನ್ನ ಶಕ್ತಿ ಮೀರಿ ಕರೆಂಟ್ ಎಳೆದಿದೆ ಎಂದು ತಿಳಿಯಬೇಕು. ವೋಲ್ಟೇಜ್ ಇಳಿದಾಗ ಮೋಟಾರ್ ಹಾಗೇ ಮಾಡುತ್ತದೆ. ನೀರು ಎತ್ತುವ ಕೆಲಸ ಅಷ್ಟೇ ಇರುತ್ತದೆ, ವೋಲ್ಟೇಜ್ ಕಡಿಮೆ ಬಂದರೆ ಕರೆಂಟ್ ಜಾಸ್ತಿ ಎಳೆದು ಆ ಕೆಲಸ ಮುಗಿಸಲು ನೋಡುತ್ತದೆ. ಕೊನೆಗೆ ಸುಡುತ್ತದೆ.

ಗಿರಾಕಿಗಳು ಬಂದು ಮೋಟಾರ್ ಕಂಪನಿಯನ್ನು ಬೈಯುತ್ತಾರೆ. ಇಲ್ಲಾಂದ್ರೆ ಕರೆಂಟಿನವರನ್ನು ಬೈಯುತ್ತಾರೆ. ನಾನು ಅವರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯ ಬಿಲ್ಲಿನಲ್ಲಿ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿದೆ? ಲೋಡ್ ಅಂದರೆ ಒಂದೇ ಹೊತ್ತಿಗೆ ಇಷ್ಟು ಕರೆಂಟ್ ಎಳೆಯುತ್ತೇವೆ ಅಂತ ಕರೆಂಟ್ ಕಚೇರಿಯಲ್ಲಿ ಬರೆಸಿದ ಲೆಕ್ಕ. ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಿರುವುದಿಲ್ಲ. ಬಿಲ್ ತರಿಸಿ ನೋಡಿದರೆ ಎರಡು, ಮೂರು ಅಂತ ಇರುತ್ತದೆ. ಮನೆಗೆ ಹೋಗಿ ನೋಡಿದರೆ ಎರಡು ಅಂತಸ್ತು, ಬಾಲ್ಕನಿಯಲ್ಲಿ ಎರಡು ಎಸಿ ಡಬ್ಬಿ.

ಈ ವಿಷಯ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲೇ ಆದದ್ದನ್ನು ಕಂಡ ಮೇಲೆ ಇನ್ನು ಸುಮ್ನೆ ಕೂರಬಾರದು ಅನ್ನಿಸಿತು.

ನನ್ನ ತಮ್ಮ ನಾಲ್ಕು ವರ್ಷದ ಹಿಂದೆ ಗದಗಿನಲ್ಲಿ ಮೂರು ಅಂತಸ್ತಿನ ಮನೆ ಕಟ್ಟಿಸಿದ. ಅವ್ವ, ತಮ್ಮನ ಸಂಸಾರ, ಅವನ ಇಬ್ಬರು ಗಂಡುಮಕ್ಕಳ ಸಂಸಾರ ಎಲ್ಲ ಸೇರಿ ಹನ್ನೆರಡು ಜನ. ಕಲ್ಲು, ಟೈಲ್ಸ್, ಬಾಗಿಲ ಕೆತ್ತನೆ ಎಲ್ಲದಕ್ಕೂ ನಾಲ್ಕು ಅಂಗಡಿ ತಿರುಗಿದರು. ಕರೆಂಟಿನ ಲೋಡ್ ಎಷ್ಟು ಬರೆಸಬೇಕು ಅನ್ನೋ ಮಾತು ಐದು ನಿಮಿಷದಲ್ಲಿ ಮುಗಿಯಿತು. ವೈರಿಂಗ್ ಮಾಡಿದವನು 'ಐದು ಕಿಲೋವ್ಯಾಟ್ ಬರೆಸ್ರಿ, ಸಾಕು' ಅಂದ. ಸಿಂಗಲ್ ಫೇಸ್, ಅಂದರೆ ಕರೆಂಟ್ ಎಲ್ಲ ಒಂದೇ ವೈರಿನಲ್ಲಿ ಬರುವಂಥದ್ದು. ನಾನು, ಮೂರು ವೈರಿನಲ್ಲಿ ಹಂಚಿ ಬರುವ ಮೂರು ಫೇಸ್ ತಗೋ ಅಂದೆ. ತಮ್ಮ, 'ಅಣ್ಣಾ, ಸುಮ್ನೆ ತಿಂಗಳಾ ರೊಕ್ಕ ಕಟ್ಟೋದು ಯಾಕ? ಬೇಕಾದಾಗ ಏರಿಸಿದ್ರಾತು' ಅಂದ. ಆಗ ಎಸಿ ಒಂದೇ, ಗೀಸರ್ ಒಂದೇ ಇದ್ದವು. ನಾನೂ ಜಾಸ್ತಿ ಒತ್ತಾಯ ಮಾಡಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸಿಗೆ ಚುಚ್ಚುತ್ತದೆ.

ತಮ್ಮನ ಮಾತಿನಲ್ಲಿ ಅರ್ಥ ಇಲ್ಲ ಅಂತಲ್ಲ. ಬಳಸಿದ ಯುನಿಟ್‌ಗೆ ಒಂದು ದರ, ಬರೆಸಿದ ಲೋಡಿಗೆ ಇನ್ನೊಂದು. ಕರೆಂಟ್ ಬಳಸಲಿ, ಬಿಡಲಿ, ಒಂದೊಂದು ಕಿಲೋವ್ಯಾಟ್‌ಗೂ ಪ್ರತಿ ತಿಂಗಳು ನಿಗದಿತ ಶುಲ್ಕ ಬೀಳುತ್ತದೆ. ಅದು ಈಗ ಕಿಲೋವ್ಯಾಟ್‌ಗೆ ನೂರು ರೂಪಾಯಿ ದಾಟಿದೆ. ಹಾಗಾಗಿ ಕಡಿಮೆ ಬರೆಸಿದರೆ ಉಳಿತಾಯ ಅಂತ ಜನ ತಿಳಿಯುತ್ತಾರೆ. ವೈರಿಂಗ್ ಮಾಡುವವರೂ ಅದನ್ನೇ ಹೇಳುತ್ತಾರೆ.

ಇಲ್ಲಿ ಇನ್ನೊಂದು ಗೊಂದಲ ಇದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ 200 ಯುನಿಟ್ ಅನ್ನೋದು ಎಲ್ಲರಿಗೂ ಬಾಯಿಪಾಠ ಆಗಿದೆ. ಕಿಲೋವ್ಯಾಟ್ ಮಾತ್ರ ತಲೆಗೆ ಹೋಗಿಲ್ಲ. ನಾನು ಗಿರಾಕಿಗಳಿಗೆ ನಳದ ಲೆಕ್ಕದಲ್ಲಿ ಹೇಳುತ್ತೇನೆ. ಯುನಿಟ್ ಅಂದರೆ ತಿಂಗಳಿಗೆ ಎಷ್ಟು ಕೊಡ ನೀರು ತುಂಬಿದಿರಿ ಅನ್ನೋದು. ಕಿಲೋವ್ಯಾಟ್ ಅಂದರೆ ಒಂದೇ ಹೊತ್ತಿಗೆ ಎಷ್ಟು ನಳ ಬಿಟ್ಟಿರಿ ಅನ್ನೋದು. ನೀರು ಸ್ವಲ್ಪವೇ ಬಳಸಿದರೂ ಎಲ್ಲ ನಳ ಒಟ್ಟಿಗೆ ಬಿಟ್ಟರೆ ಸಣ್ಣ ಪೈಪು ತಾಳುವುದಿಲ್ಲ. ನೀರಾದರೆ ಧಾರೆ ಸಣ್ಣದಾಗುತ್ತದೆ, ಅಷ್ಟೇ. ಕರೆಂಟ್ ಆದರೆ ವೈರ್ ಬಿಸಿಯಾಗುತ್ತದೆ.

ತಮ್ಮನ ಮನೆಗೆ ಬರುತ್ತೇನೆ. ಹೋದ ಡಿಸೆಂಬರ್‌ನಲ್ಲಿ ಅವನ ಮಗಳ ಮದುವೆ ಇತ್ತು. ಅಷ್ಟರಲ್ಲಿ ಎಸಿ ಮೂರಾಗಿದ್ದವು, ಗೀಸರ್ ಮೂರಾಗಿದ್ದವು. ಮದುವೆಗೆ ಎಂಟು ದಿನ ಮೊದಲೇ ನೆಂಟರು ಬಂದಿಳಿದರು. ಮುಂಜಾನೆ ಮೇನ್ ಸ್ವಿಚ್ ಮೇಲಿಂದ ಮೇಲೆ ಬೀಳತೊಡಗಿತು. ಅದು 32 ಆಂಪ್‌ನ ಎಂಸಿಬಿ, ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ ಏಳು ಕಿಲೋವ್ಯಾಟ್ ಮೇಲೆ ಚೂರು. ಅದಕ್ಕಿಂತ ಜಾಸ್ತಿ ಕರೆಂಟ್ ಬಹಳ ಹೊತ್ತು ಹರಿದರೆ ಬೀಳಲೇಬೇಕು. ಬೀಳುವುದೇ ಅದರ ಕೆಲಸ, ಅಲ್ವಾ? ಮನೆಯವರಿಗೆ ಅದು ಕಾಟ ಅನ್ನಿಸಿತು. ಯಾರನ್ನೋ ಕರೆಸಿದರು. ಅವನು ಬಂದು 32 ತೆಗೆದು 63 ಆಂಪ್ ಹಾಕಿ, ಇನ್ನೂರು ರೂಪಾಯಿ ತಗೊಂಡು ಹೋದ. ಎಂಸಿಬಿ ಬೀಳುವುದು ನಿಂತಿತು. ಎಲ್ಲರಿಗೂ ಖುಷಿ.

ಒಳಗಿನ ವೈರ್ ಮಾತ್ರ ಅದೇ 4 ಸ್ಕ್ವೇರ್ ಎಂಎಂ ತಾಮ್ರದ್ದು. ಪೈಪಿನೊಳಗೆ ಹೋದ ಆ ವೈರ್ 30 ಆಂಪ್ ಆಸುಪಾಸು ತಾಳುತ್ತದೆ. ಅದರಲ್ಲಿ ಈಗ 50 ಆಂಪ್ ಹರಿಯುತ್ತಿತ್ತು. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಎಂಸಿಬಿ ಇರುವುದು ಫ್ರಿಜ್ ಉಳಿಸಲಿಕ್ಕಲ್ಲ, ಎಸಿ ಉಳಿಸಲಿಕ್ಕಲ್ಲ. ತನ್ನಿಂದ ಮುಂದೆ ಹೋಗುವ ವೈರ್ ಉಳಿಸಲಿಕ್ಕೆ. ವೈರ್ ಬದಲಿಸದೆ ಎಂಸಿಬಿ ದೊಡ್ಡದು ಮಾಡಿದರೆ ಕಾವಲುಗಾರನನ್ನು ಮನೆಗೆ ಕಳಿಸಿದ ಹಾಗೆ.

ಐದನೇ ದಿನ ಮುಂಜಾನೆ ಆರೂವರೆಗೆ ತಮ್ಮನ ಹೆಂಡತಿ ಫೋನ್ ಮಾಡಿದಳು. 'ಭಾವಾರ, ಮೀಟರ್ ಕಡೆಯಿಂದ ಏನೋ ಸುಟ್ಟ ವಾಸನಿ ಬರಾಕತ್ತೈತಿ, ಲಗೂನ ಬರ್ರಿ.' ಮೇನ್ ಆಫ್ ಮಾಡಿ ಎಲ್ಲರನ್ನೂ ಹೊರಗೆ ನಿಲ್ಲಿಸು ಅಂದೆ. ನಾನು ಹೋಗುವಷ್ಟರಲ್ಲಿ ಲೈನ್‌ಮನ್ ಬಂದು ಕಂಬದಲ್ಲೇ ಕರೆಂಟ್ ತೆಗೆದಿದ್ದ. ಆ ಪುಣ್ಯಾತ್ಮ ಊಟ ತಿಂಡಿ ಬಿಟ್ಟು ಓಡಿ ಬಂದಿದ್ದ.

ಮೀಟರ್ ದಾಟಿ ನಮ್ಮ ಕಡೆಗಿರುವ ಡಬ್ಬಿ ಬಿಚ್ಚಿದೆ. ನ್ಯೂಟ್ರಲ್ ವೈರ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಅದರ ಮೇಲಿನ ಕಪ್ಪು ಪ್ಲಾಸ್ಟಿಕ್ ಒಂದು ಗೇಣಿನಷ್ಟು ಉದ್ದ ಕರಗಿ, ಬೆಲ್ಲದ ಪಾಕ ಆರಿದ ಹಾಗೆ ಕೆಳಗೆ ಜೋತು ಬಿದ್ದಿತ್ತು. ಒಳಗಿನ ತಾಮ್ರ ಕೆಂಪು ಬಣ್ಣ ಬಿಟ್ಟು ನೇರಳೆಗೆ ತಿರುಗಿತ್ತು. ಸ್ಕ್ರೂಗೆ ಟೆಸ್ಟರ್ ಹಚ್ಚಿದರೆ ಎರಡು ಸುತ್ತು ಸಲೀಸಾಗಿ ತಿರುಗಿತು. ಬಿಸಿಯಾಗಿ ಹಿಗ್ಗಿ, ಆರಿ ಕುಗ್ಗಿ, ದಿನಾ ಇದೇ ಆಗಿ ಸ್ಕ್ರೂ ಸಡಿಲಾಗಿತ್ತು. ಸಡಿಲಾದ ಕಡೆ ಕಿಡಿ ಹಾರಿ ಬಿಸಿ ಇನ್ನೂ ಏರಿತ್ತು. ಡಬ್ಬಿಯ ಹಿಂದಿನ ಪ್ಲೈವುಡ್ ಅಂಗೈ ಅಗಲ ಕರಕಾಗಿ ಬೆರಳಿಗೆ ಮಸಿ ಹತ್ತುತ್ತಿತ್ತು. ಅದರ ಸರೀ ಕೆಳಗೆ, ಮೆಟ್ಟಿಲ ಮೂಲೆಯಲ್ಲಿ, ಹಂಚಿ ಉಳಿದ ಲಗ್ನಪತ್ರಿಕೆಗಳ ರಟ್ಟಿನ ಪೆಟ್ಟಿಗೆ ಇತ್ತು. ಅದರ ಮೇಲೆ ಹಂದರಕ್ಕೆ ತಂದಿದ್ದ ಬಟ್ಟೆ. ವಾಸನೆ ಬಂದಾಗ ಮಹಡಿ ಮೇಲೆ ಮಕ್ಕಳು ಇನ್ನೂ ಮಲಗಿದ್ದವು. ಅಷ್ಟೇ ಹೇಳುತ್ತೇನೆ. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಮದುವೆ ಜನರೇಟರ್ ಮೇಲೆ ಮುಗಿಯಿತು. ಮರುವಾರ ತಮ್ಮನೇ ಬಂದು, 'ಅಣ್ಣಾ, ಲೆಕ್ಕ ಹಾಕಿ ಕೊಡು, ನೀ ಎಷ್ಟಂತಿ ಅಷ್ಟು ಬರಸ್ತೀನಿ' ಅಂದ. ಪಡಸಾಲೆಯಲ್ಲಿ ಕೂತೆವು. ಬರೆಯಲು ಸಿಕ್ಕಿದ್ದು ಅದೇ ಪೆಟ್ಟಿಗೆಯ ಒಂದು ಲಗ್ನಪತ್ರಿಕೆ. ಅದರ ಹಿಂದೆ ಬರೆದೆ.

ಮೊದಲು ಮನೆಯಲ್ಲಿ ಇರೋದೆಲ್ಲ ಬರೆದೆವು. ಒಂದೂವರೆ ಟನ್ನಿನ ಎಸಿ ಒಂದಕ್ಕೆ 1.6 ಕಿಲೋವ್ಯಾಟ್ ಹಿಡಿದೆ, ಮೂರಕ್ಕೆ 4.8. ಗೀಸರ್ ಎರಡೆರಡು, ಒಟ್ಟು 6. ಇಂಡಕ್ಷನ್ ಒಲೆ 2. ವಾಷಿಂಗ್ ಮಷಿನ್ ನೀರು ಕಾಯಿಸುವಂಥದ್ದು, 2. ಓವನ್, ಇಸ್ತ್ರಿ ಪೆಟ್ಟಿಗೆ, ಮಿಕ್ಸರ್, ಬೋರ್ ಮೋಟಾರ್, ಸಂಪಿನ ಮೋಟಾರ್, ಎರಡು ಫ್ರಿಜ್, ಮೊಮ್ಮಗನ ಎಲೆಕ್ಟ್ರಿಕ್ ಸ್ಕೂಟರ್, ಫ್ಯಾನು, ಲೈಟು, ಟಿವಿ. ಕೂಡಿಸಿದರೆ ಹತ್ತಿರ ಹತ್ತಿರ 23 ಕಿಲೋವ್ಯಾಟ್. ತಮ್ಮನ ಮುಖ ಬಾಡಿತು. ಇಪ್ಪತ್ಮೂರು ಬರೆಸಬೇಕಾ ಅಂದ.

ಬೇಕಾಗಿಲ್ಲ. ಎಲ್ಲವೂ ಒಂದೇ ಹೊತ್ತಿಗೆ ನಡೆಯುವುದಿಲ್ಲ. ನೋಡಬೇಕಾದ್ದು ಒಂದೇ, ದಿನದ ಯಾವ ತಾಸಿನಲ್ಲಿ ಯಾವ್ಯಾವುದು ಒಟ್ಟಿಗೆ ನಡೆಯುತ್ತದೆ ಅನ್ನೋದು. ಇದನ್ನು ಹೇಳಬಲ್ಲವರು ಯಾರು? ತಮ್ಮನಿಗೂ ಗೊತ್ತಿರಲಿಲ್ಲ, ಮಕ್ಕಳಿಗೂ ಗೊತ್ತಿರಲಿಲ್ಲ. ಬೇಸಿಗೆ ರಾತ್ರಿ ಎಸಿ ಓಡುವಾಗಲೇ ಜಾಸ್ತಿ ಲೋಡ್ ಅಂತ ಎಲ್ಲರೂ ಅಂದರು. ನನಗೂ ಹಾಗೇ ಅನ್ನಿಸಿತ್ತು. ಅಷ್ಟರಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ಅವ್ವ ಅಂದಳು, 'ಯಪ್ಪಾ, ಥಂಡಿ ದಿನದಾಗ ಮುಂಜಾನೆ ಆರರಿಂದ ಏಳೂವರಿ ಒಳಗ ಈ ಮನ್ಯಾಗ ಏನೇನು ನಡೀತೈತಿ ನನ್ನ ಕೇಳು.'

ಅವ್ವನ ಬಾಯಿಂದ ಬಂದದ್ದನ್ನೇ ಬರೆದೆ. ಮೂರೂ ಬಚ್ಚಲಲ್ಲಿ ಗೀಸರ್ ಹಚ್ಚಿರುತ್ತಾರೆ, 6. ಅದೇ ಹೊತ್ತಿಗೆ ಮೇಲಿನ ಟಾಕಿ ಖಾಲಿ ಆಗಿ ಬೋರ್ ಹಚ್ಚುತ್ತಾರೆ, ಒಂದೂವರೆ. ಸ್ಕೂಲಿನ ಬಟ್ಟೆ ಇಸ್ತ್ರಿ, 1. ಚಟ್ನಿಗೆ ಮಿಕ್ಸರ್, ಮುಕ್ಕಾಲು. ಗ್ಯಾಸಿನ ಒಲೆ ಮೇಲೆ ರೊಟ್ಟಿ, ಹಾಗಾಗಿ ಹಾಲು ಇಂಡಕ್ಷನ್ ಮೇಲೆ, 2. ಫ್ರಿಜ್ಜು, ಲೈಟು ಸೇರಿ ಇನ್ನೊಂದು ಮುಕ್ಕಾಲು. ಒಟ್ಟು 12 ಕಿಲೋವ್ಯಾಟ್. ಬೇಸಿಗೆ ರಾತ್ರಿಯ ಲೆಕ್ಕ ಹತ್ತೂವರೆಗೆ ನಿಂತಿತು. ಮನೆಯಲ್ಲಿ ಅತಿ ಜಾಸ್ತಿ ಲೋಡ್ ಬೀಳುವುದು ಡಿಸೆಂಬರ್ ಮುಂಜಾನೆ. ವೈರ್ ಸುಟ್ಟಿದ್ದೂ ಅದೇ ಹೊತ್ತಿಗೆ. ಅಡುಗೆಮನೆ ನೋಡಿಕೊಳ್ಳುವವರನ್ನು ಕೇಳದೆ ದೊಡ್ಡ ಮನೆಯ ಲೋಡ್ ಲೆಕ್ಕ ಹಾಕಬಾರದು ಅಂತ ನನಗೆ ಅವತ್ತು ಗೊತ್ತಾಯಿತು. ಮೂವತ್ತು ವರ್ಷ ಈ ಕೆಲಸ ಮಾಡಿಯೂ ನಾನು ಯಾರ ಮನೆಯಲ್ಲೂ ಹಾಗೆ ಕೇಳಿರಲಿಲ್ಲ.

12 ಕಿಲೋವ್ಯಾಟ್ ಸಿಂಗಲ್ ಫೇಸಿನಲ್ಲಿ ಎಳೆದರೆ 52 ಆಂಪ್ ಆಗುತ್ತದೆ. ಅದೇ ಮೂರು ಫೇಸಿಗೆ ಸಮನಾಗಿ ಹಂಚಿದರೆ ಒಂದೊಂದರಲ್ಲಿ 17 ಆಂಪ್ ಅಷ್ಟೇ. ಮೂರು ಫೇಸ್ ಯಾಕೆ ಅನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಆದರೆ ಹಂಚಬೇಕು. ಮೂರು ಫೇಸ್ ತಗೊಂಡು ಎಲ್ಲ ಎಸಿ, ಎಲ್ಲ ಗೀಸರ್ ಒಂದೇ ಫೇಸಿಗೆ ಕಟ್ಟಿದ ಮನೆಗಳನ್ನು ನೋಡಿದ್ದೇನೆ.

ಲೋಡ್ ಬರೆಸುವ ಮೊದಲು ಅದನ್ನು ನಿಜವಾಗಿಯೇ ಇಳಿಸಲು ಆಗುತ್ತದಾ ಅಂತ ನೋಡಿದೆವು. ಸುಳ್ಳು ಬರೆಸಿ ಇಳಿಸುವುದಲ್ಲ. ನಮ್ಮ ಗದಗಿನಲ್ಲಿ ಬಿಸಿಲಿಗೆ ಬರವಿಲ್ಲ. ತಾರಸಿ ಮೇಲೆ ಸೋಲಾರ್ ವಾಟರ್ ಹೀಟರ್ ಕೂಡಿಸಿ ಎರಡು ಗೀಸರ್ ತೆಗೆಸಿದೆವು. ಮೋಡದ ದಿನಕ್ಕೆ ಒಂದು ಇರಲಿ ಅಂತ ಬಿಟ್ಟೆವು. ಬೋರಿಗೆ ಟೈಮರ್ ಹಾಕಿ ಮಧ್ಯಾಹ್ನ ಎರಡಕ್ಕೆ ಟಾಕಿ ತುಂಬುವ ಹಾಗೆ ಮಾಡಿದೆವು. ಮುಂಜಾನೆಯ ಹನ್ನೆರಡು ಆರೂವರೆಗೆ ಇಳಿಯಿತು. ಬೇಸಿಗೆ ರಾತ್ರಿಯದು ಒಂಬತ್ತಕ್ಕೆ ಬಂತು. ಹಿರಿಮಗ ಮುಂದಿನ ವರ್ಷ ಎಲೆಕ್ಟ್ರಿಕ್ ಕಾರ್ ತರುತ್ತಾನಂತೆ. ಮನೆಯ ಜೋರು ಚಾರ್ಜರ್ 7 ಕಿಲೋವ್ಯಾಟ್ ಮೇಲೆ ಎಳೆಯುತ್ತದೆ. 3.3 ಕಿಲೋವ್ಯಾಟ್‌ನ ನಿಧಾನದ್ದು ಸಾಕು, ರಾತ್ರಿ ಹನ್ನೊಂದಕ್ಕೆ ಹಚ್ಚಿದರೆ ಎಂಟು ತಾಸಿಗೆ 26 ಯುನಿಟ್ ತುಂಬುತ್ತದೆ, ದಿನಾ ಹುಬ್ಬಳ್ಳಿಗೆ ಹೋಗಿ ಬರಲು ಅಷ್ಟು ಧಾರಾಳ ಅಂತ ಹೇಳಿದೆ. ಎಲ್ಲ ನೋಡಿ 12 ಕಿಲೋವ್ಯಾಟ್, ಮೂರು ಫೇಸ್ ಅಂತ ನಿರ್ಧಾರ ಮಾಡಿದೆವು. ಸ್ವಲ್ಪ ಮಿಗತೆ ಇರಲೇಬೇಕು. ಮನೆಗೆ ಸಾಮಾನು ಬರುತ್ತಲೇ ಇರುತ್ತವೆ, ಹೋಗುವುದಿಲ್ಲ.

ಮೊದಲಿಗಿಂತ ಏಳು ಕಿಲೋವ್ಯಾಟ್ ಜಾಸ್ತಿ. ತಿಂಗಳಿಗೆ ಏಳುನೂರು ರೂಪಾಯಿಗೂ ಮೇಲೆ ಶುಲ್ಕ ಬೀಳುತ್ತದೆ. ಭಾರವೇ, ಇಲ್ಲ ಅನ್ನುವುದಿಲ್ಲ. ಆದರೆ ಹನ್ನೆರಡು ಜನರ ಮನೆ, ಮೂರು ಎಸಿ ಇಟ್ಟವರು ಕೊಡಬಹುದಾದ ರೊಕ್ಕ ಅದು.

ವೈರಿಂಗ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೀಟರಿಂದ ಡಿಬಿವರೆಗೆ, ಅಂದರೆ ಎಂಸಿಬಿಗಳನ್ನು ಕೂಡಿಸುವ ಡಬ್ಬಿವರೆಗೆ, 10 ಸ್ಕ್ವೇರ್ ತಾಮ್ರದ ನಾಲ್ಕು ವೈರ್, ನಾಲ್ಕನ್ನೂ ಒಟ್ಟಿಗೆ ಕಡಿಯುವ 40 ಆಂಪ್ ಮೇನ್. ಎಸಿ, ಗೀಸರ್ ಒಂದೊಂದಕ್ಕೂ ಬೇರೆ 4 ಸ್ಕ್ವೇರ್ ವೈರ್, ಬೇರೆ ಎಂಸಿಬಿ. ಬಚ್ಚಲು, ಅಡುಗೆಮನೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್. ಅರ್ಥಿಂಗ್ ಹೊಸದಾಗಿ ತೋಡಿಸಿದೆವು. ಮೂರು ಫೇಸಿನ ಮನೆಯಲ್ಲಿ ನ್ಯೂಟ್ರಲ್ ಒಂದನ್ನು ಮಾತ್ರ ಎರಡು ಸಲ ನೋಡಿ ಬಿಗಿಯಬೇಕು. ಅದು ಬಿಟ್ಟುಹೋದರೆ ಒಂದು ಅಂತಸ್ತಿಗೆ 150 ವೋಲ್ಟ್, ಇನ್ನೊಂದಕ್ಕೆ 300ರ ಮೇಲೆ ಹೋಗುತ್ತದೆ. ಟಿವಿ, ಫ್ರಿಜ್ ಒಂದೇ ಏಟಿಗೆ ಹೋಗುತ್ತವೆ. ಆರು ತಿಂಗಳಿಗೊಮ್ಮೆ ಕರೆಂಟ್ ತೆಗೆಸಿ ಸ್ಕ್ರೂ ಬಿಗಿಸಿ.

ಇದು ಒಂದು ಮನೆಯ ಕಥೆ ಆಗಿದ್ದರೆ ನಾನು ಪತ್ರಿಕೆಗೆ ಬರೆಯುತ್ತಿರಲಿಲ್ಲ. ಓಣಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ನೋಡಿ. 100 ಕೆವಿಎ ಟಿಸಿ ಹೆಚ್ಚೆಂದರೆ 100 ಕಿಲೋವ್ಯಾಟ್ ಕೊಡುತ್ತದೆ, ಅಷ್ಟೇ. ನಲವತ್ತು ಮನೆ ಎರಡೆರಡು ಕಿಲೋವ್ಯಾಟ್ ಬರೆಸಿವೆ ಅಂದುಕೊಳ್ಳಿ. ಕಾಗದದ ಮೇಲೆ 80 ಆಯಿತು. ಕಚೇರಿಯವರು ಆ ಕಾಗದ ನೋಡಿ ಟಿಸಿ ಸಾಕು ಅನ್ನುತ್ತಾರೆ. ಅದರಲ್ಲಿ ಹತ್ತು ದೊಡ್ಡ ಮನೆಗಳು ನಿಜವಾಗಿ ಹತ್ತತ್ತು ಎಳೆದರೆ ಆ ಹತ್ತೇ ಮನೆಗೆ 100 ಹೋಯಿತು. ಓಣಿಯ ಕೊನೆಯಲ್ಲಿ ಒಂದು ಫ್ಯಾನು, ಎರಡು ಲೈಟಿನ ಮನೆಯವರಿಗೆ ರಾತ್ರಿ 170 ವೋಲ್ಟ್ ಬರುತ್ತದೆ. ಮಗ್ಗದ ಮೋಟಾರ್ ಬಿಸಿಯಾಗುತ್ತದೆ. ನಮ್ಮ ಬೆಟಗೇರಿಯಲ್ಲಿ ಒಂದು ಮಗ್ಗ ನಂಬಿ ಬದುಕುವ ಮನೆಗಳಿವೆ. ಅವರು ಸುಟ್ಟ ಮೋಟಾರ್ ತಲೆ ಮೇಲೆ ಹೊತ್ತು ನನ್ನ ಅಂಗಡಿಗೆ ಬರುತ್ತಾರೆ. ರಿವೈಂಡಿಂಗ್‌ಗೆ ನಾನು ರೊಕ್ಕ ತಗೊಳ್ಳುತ್ತೇನೆ, ಅದು ನನ್ನ ಹೊಟ್ಟೆಪಾಡು. ಆದರೆ ಆ ಮೋಟಾರ್ ಸುಟ್ಟಿದ್ದು ಅವರ ತಪ್ಪಿನಿಂದಲ್ಲ ಅಂತ ಗೊತ್ತಿದ್ದೂ ರೊಕ್ಕ ತಗೊಳ್ಳುವಾಗ ಸಂಕಟ ಆಗುತ್ತದೆ.

ನಿಮ್ಮ ಪತ್ರಿಕೆ ಮೂಲಕ ನಮ್ಮ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಕರೆಂಟ್ ಕಚೇರಿಗಳಿಗೆ ಒಂದು ವಿನಂತಿ. ಹೊಸ ಸಂಪರ್ಕಕ್ಕೆ ಅರ್ಜಿ ಹಾಕಲು ಬಂದವರಿಗೆ ಕನ್ನಡದಲ್ಲಿ ಒಂದು ಹಾಳೆ ಕೊಡಿ. ಮುಂಜಾನೆ ಏಳಕ್ಕೆ ಏನೇನು ನಡೆಯುತ್ತದೆ, ರಾತ್ರಿ ಒಂಬತ್ತಕ್ಕೆ ಏನೇನು ನಡೆಯುತ್ತದೆ ಅಂತ ಎರಡು ಪಟ್ಟಿ ಮಾಡಿಸಿ. ಎಲೆಕ್ಟ್ರಾನಿಕ್ ಮೀಟರ್ ತಿಂಗಳಲ್ಲಿ ಅತಿ ಜಾಸ್ತಿ ಎಳೆದ ಲೋಡನ್ನು ನೆನಪಿಟ್ಟುಕೊಳ್ಳುತ್ತದೆ. ಅದು ಬರೆಸಿದ್ದಕ್ಕಿಂತ ಜಾಸ್ತಿ ಇದ್ದರೆ ಬಿಲ್ ಕೊಡಲು ಬಂದವರು ಬಾಯಿ ಮಾತಿನಲ್ಲಿ ಒಂದು ಸಲ ಹೇಳಿ ಹೋಗಲಿ. ದಂಡದ ಮಾತು ಆಮೇಲೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಪ್ಲಾನ್ ಬರೆಯುವ ಇಂಜಿನಿಯರ್‌ಗಳೂ ಮೀಟರ್ ಬೋರ್ಡಿಗೆ ಮೆಟ್ಟಿಲ ಕೆಳಗಿನ ಮೂಲೆ ತೋರಿಸುವುದನ್ನು ಬಿಡಬೇಕು. ಅಲ್ಲಿ ಮನೆಯವರು ಸಾಮಾನು ಇಟ್ಟೇ ಇಡುತ್ತಾರೆ.

ತಮ್ಮನ ಮನೆಗೆ ಫೆಬ್ರವರಿಯಲ್ಲಿ ಮೂರು ಫೇಸ್ ಮೀಟರ್ ಬಂತು. ಲಗ್ನಪತ್ರಿಕೆ ಹಿಂದೆ ಬರೆದ ಲೆಕ್ಕವನ್ನು ಅವ್ವ ಡಿಬಿ ಬಾಗಿಲ ಒಳಗೆ ಅಂಟಿಸಿದ್ದಾಳೆ. ಹೊಸ ಸಾಮಾನು ಮನೆಗೆ ಬಂದರೆ ಅದರಲ್ಲಿ ಬರೆಯದೆ ಪ್ಲಗ್ ಹಾಕುವಂತಿಲ್ಲ.

ಗದಗ, ಬೆಟಗೇರಿಯಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ, ಗೋಡೆ ಕೊರೆದು ಪೈಪ್ ಹಾಕುವ ಮೊದಲು ಸಂಜೆ ಐದರ ಮೇಲೆ ನನ್ನ ಅಂಗಡಿಗೆ ಬನ್ನಿ. ಮನೆಯಲ್ಲಿ ಮೊದಲು ಏಳುವವರು ಯಾರೋ ಅವರನ್ನು ಜೊತೆಗೆ ಕರೆದುಕೊಂಡು ಬನ್ನಿ. ಲೆಕ್ಕ ಬರೆದು ಕೊಡುತ್ತೇನೆ. ರೊಕ್ಕ ಬೇಡ.

ಇಂತಿ ನಿಮ್ಮ ಓದುಗ,
ಮೋಟಾರ್ ವೈಂಡಿಂಗ್ ಕೆಲಸದವ, ಬೆಟಗೇರಿ